ಗೈರುಹಾಜರು: ವಾಲ್ಟರ್ ಸಗ್ಡನ್

ಮೂರು ಚೀಟಿಗಳೂ ಇನ್ನೂ ಡೈರಿಯೊಳಗೇ ಇವೆ ಎಂಬುದನ್ನು ಥಿಯಾ ಆ ಮಂಗಳವಾರ ಎದ್ದ ಕೂಡಲೆ ತನಗೆ ತಾನೇ ಒಪ್ಪಿಕೊಂಡಳು. ಎಲ್ಲಾದರೂ ಕಳೆದುಹೋಗಿದ್ದರೆ ಎಷ್ಟು ನೆಮ್ಮದಿಯಿರುತ್ತಿತ್ತು. ಕಳೆದುಹೋದದ್ದಕ್ಕೆ ಜನ ಒಂದಿಷ್ಟು ಬೈದು ಸುಮ್ಮನಾಗುತ್ತಾರೆ. ಜೋಪಾನವಾಗಿ ಇಟ್ಟುಕೊಂಡೂ ತಲುಪಿಸದೆ ಹೋದದ್ದಕ್ಕೆ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ನೀಲಿ ಗೆರೆಯ ಕಾಗದ, ಪೆನ್ನನ್ನು ಒತ್ತಿ ಬರೆದ ದುಂಡಗಿನ ಅಕ್ಷರ, ಪ್ರತಿಯೊಂದರ ಕೊನೆಗೂ ‘ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸು, ವಾಲ್ಟರ್ ಸಗ್ಡನ್’ ಎಂಬ ಸಾಲು. ಚೀಟಿ ಬಂದ ದಿನದ ಪುಟದಲ್ಲೇ ಒಂದೊಂದನ್ನೂ ಇಟ್ಟಿದ್ದಳು, ಹೂವು ಒಣಗಿಸುವವರ ಹಾಗೆ. ಹಾಸಿಗೆಯಲ್ಲಿ ಕೂತೇ ಬೆರಳು ಮಡಚಿ ಎಣಿಸಿದಳು. ನವೆಂಬರ್ ಹನ್ನೆರಡರಿಂದ ಮೇ ಹನ್ನೆರಡಕ್ಕೆ ಆರು ತಿಂಗಳು. ಇವತ್ತು ಹದಿಮೂರು. ಇನ್ನೊಮ್ಮೆ ಎಣಿಸಿದಳು. ಎಷ್ಟು ಸಲ ಎಣಿಸಿದರೂ ಒಂದು ದಿನ ಹೆಚ್ಚಾಗಿಯೇ ಉಳಿಯುತ್ತಿತ್ತು.

ಕೆಳಗೆ ಅಡುಗೆಮನೆಯಲ್ಲಿ ಅಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಮೀಟಿಂಗಾ ಇವತ್ತು? ಮುಖ ನೋಡಿದ್ರೆ ಹಲ್ಲು ಕೀಳಿಸೋಕೆ ಹೊರಟವಳ ಹಾಗಿದೀಯ” ಎಂದಳು. ಥಿಯಾ ಬ್ರೆಡ್ಡಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. “ಅಲ್ಲ ಕಣೇ, ನೀನೇನು ಅಲ್ಲಿ ಭಾಷಣ ಮಾಡ್ಬೇಕಾ? ಬರ್ಕೊಳ್ಳೋದು ತಾನೆ?” ಹೌದು, ಬರೆದುಕೊಳ್ಳುವುದಷ್ಟೆ. ಆ ಕಾರಣಕ್ಕೇ ಈ ಕೆಲಸಕ್ಕೆ ಸೇರಿದ್ದಳು. ಹಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಪದವಿ ಪಡೆದು, ಎರಡು ಸಂದರ್ಶನಗಳಲ್ಲಿ ತನ್ನ ಹೆಸರನ್ನೇ ತಡವರಿಸಿ ಹೇಳಿ, ತನ್ನೂರು ಕ್ರಾಶಾ ಬ್ರಿಜ್‌ಗೆ ಮರಳಿ ಬಂದವಳಿಗೆ ಈಗ ಮೂರು ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಕ್ಲರ್ಕಿನ ಕೆಲಸ. ಮಂಡಳಿಯಲ್ಲಿ ಒಬ್ಬೊಬ್ಬರು ಒಂದೊಂದು ಬಾಗಿಲಿನಿಂದ ಒಳಗೆ ಬಂದವರು. ಮಕ್ಕಳ ಪೋಷಕರು ಆರಿಸಿ ಕಳಿಸಿದವರು ಇಬ್ಬರು, ಶಿಕ್ಷಕರ ಕಡೆಯವರು ಒಬ್ಬರು, ನಗರಸಭೆ ಹೆಸರಿಸಿದವರು ಒಬ್ಬರು, ಹುದ್ದೆಯ ಬಲದಿಂದಲೇ ಕೂರುವ ಮುಖ್ಯೋಪಾಧ್ಯಾಯಿನಿ, ಅದು ಬಲ್ಲವರು ಇದು ಬಲ್ಲವರು ಎಂದು ಮಂಡಳಿಯೇ ಕರೆದು ಕೂರಿಸಿಕೊಂಡವರು ನಾಲ್ವರು. ಊರಿನವರ ಬಾಯಲ್ಲಿ ಇವರೆಲ್ಲರೂ ಶಾಲೆಯ ಗವರ್ನರುಗಳು. ಚಹಾ ಬಿಸ್ಕತ್ತು ಬಿಟ್ಟರೆ ಇನ್ನೇನೂ ಸಿಗದ ಗವರ್ನರ್‌ಗಿರಿ. ಥಿಯಾ ಅವರಲ್ಲಿ ಯಾರೂ ಅಲ್ಲ. ಅವಳಿಗೆ ಮತವಿಲ್ಲ. ಮೇಜಿನ ತುದಿಯಲ್ಲಿ ಕೂತು ಅವರಾಡಿದ್ದನ್ನು ನಡಾವಳಿ ಮಾಡಿ ಬರೆಯುವುದು, ‘ನಿಯಮ ಏನನ್ನುತ್ತೆ?’ ಎಂದು ಕೇಳಿದಾಗ ಮಾತ್ರ ಹೇಳುವುದು ಅವಳ ಕೆಲಸ. ಮನೆಗೆ ಬಂದು ಅದೇ ಸಂಜೆಯನ್ನು ಡೈರಿಯಲ್ಲಿ ಇನ್ನೊಮ್ಮೆ ಬರೆಯುತ್ತಿದ್ದಳು. ಯಾರ ದನಿ ಯಾವಾಗ ನಡುಗಿತು, ಯಾರು ಯಾರ ಕಡೆ ನೋಡಲಿಲ್ಲ, ತಾನು ಏನು ಹೇಳಬೇಕೆಂದುಕೊಂಡು ಹೇಳಲಿಲ್ಲ. ಎರಡು ಬರಹಕ್ಕೂ ಒಂದೇ ಪೆನ್ನು. ನಡಾವಳಿಗೆ ಮಾತ್ರ ಸಹಿ ಬೀಳುತ್ತಿತ್ತು.

ನಿಯಮ ಅವಳಿಗೆ ಬಾಯಿಪಾಠ. ಮಂಡಳಿಯ ಅನುಮತಿಯಿಲ್ಲದೆ ಆರು ತಿಂಗಳು ಸಭೆಗೆ ಬಾರದ ಸದಸ್ಯನ ಜಾಗ ತಾನಾಗಿಯೇ ಹೋಗುತ್ತದೆ. ಯಾರೂ ತೆಗೆದುಹಾಕಬೇಕಿಲ್ಲ, ಕೈಯೆತ್ತಬೇಕಿಲ್ಲ. ಮೊದಲು ತಪ್ಪಿಸಿಕೊಂಡ ಸಭೆಯ ದಿನದಿಂದ ಲೆಕ್ಕ ಶುರು. ತೊಟ್ಟು ಒಣಗಿದ ಎಲೆ ಬಿದ್ದ ಹಾಗೆ ಒಂದು ಬೆಳಿಗ್ಗೆ ಬಿದ್ದಿರುತ್ತದೆ. ಅನುಮತಿ ಬೇಕೆಂದು ಚೀಟಿ ಬರೆದು ಕಳಿಸಿದರೆ ಸಾಲದು. ಕ್ಲರ್ಕು ಅದನ್ನು ಸಭೆಯ ಮುಂದಿಡಬೇಕು, ಸಭೆ ಆಗಲಿ ಎನ್ನಬೇಕು, ಆಗಲಿ ಎಂದದ್ದು ನಡಾವಳಿಗೆ ಸೇರಬೇಕು. ಇಡೀ ಸರಪಳಿಯಲ್ಲಿ ಥಿಯಾಳದು ಒಂದೇ ಕೊಂಡಿ, ಒಂದೇ ವಾಕ್ಯ: ‘ಮಿಸ್ಟರ್ ಸಗ್ಡನ್ ಅವರಿಂದ ಪತ್ರ ಬಂದಿದೆ.’ ಹೇಳಲು ಎರಡು ಉಸಿರೂ ಬೇಡ.

ಸಂಜೆ ನಾಲ್ಕರ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಸಾಲುಮನೆಗಳ ಕರಿ ಹಿಡಿದ ಕಲ್ಲಿನ ಮೇಲೆ ಮೇ ತಿಂಗಳ ಬಿಸಿಲು ಬಿದ್ದಿತ್ತು, ಮುದುಕರ ಮುಖಕ್ಕೆ ಬಣ್ಣ ಹಚ್ಚಿದ ಹಾಗೆ. ಇದೇ ದಾರಿಯಲ್ಲಿ ವಾಲ್ಟರ್ ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದ್ದ. ಆಗ ಥಿಯಾಳಿಗೆ ಹನ್ನೊಂದು. ದೊಡ್ಡ ಶಾಲೆಯ ಮೊದಲ ವಾರ, ಮೈಗಿಂತ ದೊಡ್ಡದಾದ ಕೋಟು, ಬಸ್ಸು ನಿಲ್ಲಿಸಲು ಒತ್ತುವ ಗಂಟೆ ಅವಳ ಬದಿಯಲ್ಲಿ ಕೆಟ್ಟಿತ್ತು. ತನ್ನ ನಿಲ್ದಾಣ ಬಂತು. ಬಾಯಿ ತೆರೆದಳು. ಮುಂದಿನ ಸೀಟಿನ ಹುಡುಗಿಯರು ತಿರುಗಿ ನೋಡುತ್ತಾರೆಂಬ ಒಂದೇ ಕಾರಣಕ್ಕೆ ಮುಚ್ಚಿದಳು. ಮನೆ ಹಿಂದೆ ಸರಿಯಿತು, ಚರ್ಚು ಸರಿಯಿತು, ಅವಳು ಯಾವತ್ತೂ ಕಾಣದ ಬೀದಿಗಳು ಬಂದವು, ಕೊನೆಗೆ ಡಿಪೋ. ಖಾಲಿ ಬಸ್ಸಿನಲ್ಲಿ ಬಿಕ್ಕುತ್ತ ಕೂತವಳನ್ನು ಡ್ರೈವರು ಕಂಡು, ಏನೂ ಕೇಳದೆ ಮುಂದಿನ ಸೀಟಿಗೆ ಕರೆದುಕೊಂಡು ಬಂದು ಕೂರಿಸಿ, ಮರುಟ್ರಿಪ್ಪಿನಲ್ಲಿ ಅವಳ ಮನೆಯ ಬಾಗಿಲಿಗೇ ನಿಲ್ಲಿಸಿದ್ದ, ಅಲ್ಲಿ ನಿಲ್ದಾಣವಿರಲಿಲ್ಲ. “ಇನ್ಮೇಲೆ ಕೂಗ್ಬೇಕು ಮಗಳೇ. ಬಸ್ಸಿಗೆ ಕಿವಿ ಇಲ್ಲ, ನನಗಿದೆ” ಎಂದಿದ್ದ. ಆಮೇಲೆ ಏಳು ವರ್ಷ ಅವಳು ಕೂಗಲೇಬೇಕಾಗಲಿಲ್ಲ. ಅವಳ ನಿಲ್ದಾಣ ಬಂದರೆ ಆತನೇ ನಿಲ್ಲಿಸುತ್ತಿದ್ದ. ಅದು ಉಪಕಾರವೋ ಕೇಡೋ ಎಂದು ಡೈರಿಯಲ್ಲಿ ಒಮ್ಮೆ ಕೇಳಿಕೊಂಡು, ಆ ಪ್ರಶ್ನೆ ಕೃತಘ್ನತೆಯೆನ್ನಿಸಿ ಹೊಡೆದುಹಾಕಿದ್ದಳು.

ಆತ ಮಂಡಳಿಗೆ ನಿಂತದ್ದು ಎರಡು ವರ್ಷದ ಹಿಂದೆ. ಪೋಷಕರ ಜಾಗ ಒಂದು ತೆರವಾಗಿತ್ತು. ಮೊಮ್ಮಗಳು ಐವಿ ಎರಡನೇ ವರ್ಗದಲ್ಲಿದ್ದಳು, ಅವಳನ್ನು ಸಾಕುತ್ತಿದ್ದವನು ವಾಲ್ಟರ್. ಮುಖ್ಯೋಪಾಧ್ಯಾಯಿನಿ ಶ್ರೀಮತಿ ಡನ್ ಹಣೆ ಉಜ್ಜಿಕೊಳ್ಳುತ್ತ, “ಅಜ್ಜ ಅಲ್ವಾ ಆತ, ತಂದೆ ಅಲ್ಲವಲ್ಲ. ನಿಲ್ಲೋಕೆ ಬರುತ್ತಾ ನೋಡಿ ಹೇಳಮ್ಮ” ಎಂದಿದ್ದರು, ಬರುವುದಿಲ್ಲ ಎಂಬ ಉತ್ತರ ಬಂದರೆ ಒಂದು ಕೆಲಸ ಕಡಿಮೆಯಾಗುತ್ತದೆ ಎಂಬ ದನಿಯಲ್ಲಿ. ಥಿಯಾ ಮೂರು ದಿನ ನಿಯಮಗಳನ್ನು ಹುಡುಕಿ ಅರ್ಧ ಪುಟ ಬರೆದುಕೊಟ್ಟಳು: ಹೆತ್ತವರೇ ಆಗಬೇಕೆಂದಿಲ್ಲ, ಮಗುವಿನ ಲಾಲನೆಪಾಲನೆ ನೋಡಿಕೊಳ್ಳುವವರೂ ಪೋಷಕರೇ, ಶ್ರೀ ಸಗ್ಡನ್ ಅರ್ಹರು. ಆ ಕೊನೆಯ ಎರಡು ಪದಗಳನ್ನು ಬರೆದಾಗ ಅವಳಿಗಾದ ಸಂತೋಷ ಪದವಿಪತ್ರ ಕೈಗೆ ಬಂದಾಗಲೂ ಆಗಿರಲಿಲ್ಲ. ನಲವತ್ತಮೂರು ಮತ ಬಂದವು ಅವನಿಗೆ. “ಹುಟ್ಟಿದಾಗಿಂದ ನನ್ನನ್ನ ಯಾರೂ ಆರಿಸಿರಲಿಲ್ಲ ಕಣಮ್ಮ. ಫುಟ್ಬಾಲಿಗೂ ಸೈತ ಕೊನೆಗೆ ಉಳಿದೋನು ನಾನೇ” ಎಂದಿದ್ದ. ಮೊದಲ ಸಭೆಗೆ ಡಿಪೋದಲ್ಲಿ ಬೀಳ್ಕೊಡುವಾಗ ಕೊಟ್ಟಿದ್ದ ಟೈ ಕಟ್ಟಿಕೊಂಡು ಬಂದ. ಜೇಬಿನಲ್ಲಿ ಚೌಕ ಗೆರೆಯ ಪುಟ್ಟ ಪುಸ್ತಕ, ಅದರಲ್ಲಿ ಪ್ರತಿ ಸಭೆಗೆ ಒಂದೇ ಪ್ರಶ್ನೆ. “ಈ ವರ್ಷ ಓದೋಕೆ ಬಾರದ ಮಕ್ಕಳು ಎಷ್ಟು? ಶೇಕಡಾ ಬೇಡ ಮೇಡಂ, ತಲೆ ಎಷ್ಟು ಹೇಳಿ.” ಮೇಡಂ ಶೇಕಡಾ ಹೇಳುತ್ತಿದ್ದರು. ಅವನು ಮತ್ತೆ ಕೇಳುತ್ತಿದ್ದ. ಅಧ್ಯಕ್ಷ ನೋಯೆಲ್ ಹಾರ್‌ಗ್ರೀವ್ಸ್ ಗಡಿಯಾರ ನೋಡುತ್ತಿದ್ದರು. ಹದಿನೇಳು ಎಂದು ಕೊನೆಗೊಮ್ಮೆ ಉತ್ತರ ಬಂದ ಸಂಜೆ ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಮುಂದಿನ ತಿಂಗಳೇ ಆ ಹದಿನೇಳು ಮಕ್ಕಳನ್ನು ಬೆಳಿಗ್ಗೆ ಒಂದು ಗಂಟೆ ಬೇರೆ ಕೂರಿಸಿ ಓದಿಸುವ ಏರ್ಪಾಡು ಆಯಿತು. ಅದಕ್ಕೆ ಅವನಿಗೆ ಯಾರೂ ಧನ್ಯವಾದ ಹೇಳಲಿಲ್ಲ; ಥಿಯಾಳೂ ಅದನ್ನು ನಡಾವಳಿಯಲ್ಲಿ ‘ಚರ್ಚೆಯ ನಂತರ ತೀರ್ಮಾನಿಸಲಾಯಿತು’ ಎಂದು ಬರೆದಿದ್ದಳು.

ಬಸ್ಸು ಸೇತುವೆಯ ಮೇಲೆ ನಿಂತಿತು. ನವೆಂಬರಿನಲ್ಲಿ ಮೊದಲ ಚೀಟಿ ಐವಿಯ ಪುಸ್ತಕದ ಚೀಲದಲ್ಲಿ ಆಫೀಸಿಗೆ ಬಂದು ಥಿಯಾಳ ಟ್ರೇಗೆ ಸೇರಿತ್ತು. ‘ಮಗಳು ಲೊರೇನ್ ಪ್ರೆಸ್ಟನ್ನಿನಲ್ಲಿ ಕುಡಿತ ಬಿಡಿಸುವ ಮನೆಯಲ್ಲಿದ್ದಾಳೆ. ಮಂಗಳವಾರ ಸಂಜೆ ಮಾತ್ರ ನೋಡಲು ಬಿಡುತ್ತಾರೆ. ಕೆಲವು ತಿಂಗಳು ಸಭೆಗೆ ಬರಲಾಗುವುದಿಲ್ಲ, ಮಂಡಳಿಯ ಅನುಮತಿ ಕೇಳಿ ಕೊಡು. ಕಾರಣ ಅವರಿಗೆ ಹೇಳಬೇಡ. ಊರಿಗೆ ತಿಳಿಯುವುದು ಈಗಲೇ ಬೇಡ.’ ಅದನ್ನು ಕಡತದ ಮೇಲೆಯೇ ಇಟ್ಟುಕೊಂಡು ಕೂತಿದ್ದಳು. ಹಾರ್‌ಗ್ರೀವ್ಸ್ ಸಭೆ ಶುರು ಮಾಡುತ್ತ, “ಗೈರುಹಾಜರಿ ಯಾರ್ಯಾರು? ವಾಲ್ಟರ್ ಕಾಣ್ತಿಲ್ಲ. ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದೋರಿಗೇ ಬಸ್ಸು ತಪ್ಪಿಹೋಯ್ತಾ!” ಎಂದರು. ಎಲ್ಲರೂ ನಕ್ಕರು. ಥಿಯಾಳೂ ನಕ್ಕಳು. ಅದೊಂದು ಚೂರು ನಗು, ತುಟಿಯಂಚಿನದು, ಎಲ್ಲರ ಜೊತೆ ತಾನೂ ಇದ್ದೇನೆಂದು ತೋರಿಸಲು ಮಾತ್ರ. ಆದರೆ ನಕ್ಕ ಬಾಯಿಯಿಂದಲೇ ಮರುಗಳಿಗೆ ‘ಅವರಿಂದ ಪತ್ರ ಬಂದಿದೆ’ ಎನ್ನುವುದು ಹೇಗೆ? ಹಾಗೆಂದರೆ ‘ಯಾಕಂತೆ?’ ಎಂದು ಕೇಳುತ್ತಾರೆ, ಕೇಳಿದರೆ ತಾನು ಕೆಂಪಾಗುತ್ತೇನೆ, ಕೆಂಪಾದರೆ ಏನೋ ಇದೆಯೆಂದು ತಿಳಿಯುತ್ತದೆ, ತಿಳಿದರೆ ಆ ಮುದುಕ ನಂಬಿ ಹೇಳಿದ ಗುಟ್ಟು ಊರಿಗೆ ಹರಡುತ್ತದೆ. ಹೀಗೆ ಒಂದರ ಬೆನ್ನಿಗೆ ಒಂದು ಕಾರಣ ಕಟ್ಟಿಕೊಳ್ಳುವಷ್ಟರಲ್ಲಿ ಅವರು ಎರಡನೇ ವಿಷಯಕ್ಕೆ ಹೋಗಿದ್ದರು. ಗುಟ್ಟು ಕಾಪಾಡಿದೆ ಎಂದೇ ಅಂದು ಡೈರಿಯಲ್ಲಿ ಬರೆದಳು. ನಡಾವಳಿಯಲ್ಲಿ ‘ಗೈರುಹಾಜರು: ವಾಲ್ಟರ್ ಸಗ್ಡನ್’ ಎಂದು ಬರೆದಳು. ಜನವರಿಯ ಚೀಟಿ ಬಂದಾಗ ಅದನ್ನು ಓದಬೇಕಾದರೆ ನವೆಂಬರಿನದನ್ನು ಯಾಕೆ ಓದಲಿಲ್ಲವೆಂದು ಹೇಳಬೇಕಿತ್ತು. ಮಾರ್ಚಿನದಕ್ಕೆ ಎರಡನ್ನೂ ಹೇಳಬೇಕಿತ್ತು. ಸುಮ್ಮನಿರುವುದು ಒಂದು ಸಲ ಮಾಡಿದರೆ ಮುಗಿಯುವ ಕೆಲಸವಲ್ಲ, ಪ್ರತಿ ಸಲವೂ ಮೊದಲಿನದನ್ನು ಸೇರಿಸಿಕೊಂಡು ಸುಮ್ಮನಿರಬೇಕು ಎಂಬುದು ಅವಳಿಗೆ ಅರ್ಥವಾಗುವ ಹೊತ್ತಿಗೆ ವಸಂತ ಬಂದಿತ್ತು. ಆಮೇಲೂ ಒಂದು ದಾರಿಯಿತ್ತು. ಮೇ ಆರಕ್ಕೆ ಸಭೆ ಎಂದು ಗೊತ್ತಾಗಿತ್ತು. ಅವನು ಅಂದು ಬಂದು ಕೂತಿದ್ದರೆ ಎಲ್ಲವೂ ತಾನಾಗಿ ಅಳಿಸಿಹೋಗುತ್ತಿತ್ತು. ಹಾರ್‌ಗ್ರೀವ್ಸ್ ದಂಪತಿ ಸ್ಪೇನಿನಿಂದ ಬರುವುದು ತಡವಾಗುತ್ತದೆಂದು ಸಭೆ ಒಂದು ವಾರ ಮುಂದೆ ಹೋಯಿತು. ‘ಹದಿಮೂರು ಆಗಬಹುದೇ?’ ಎಂದು ಅವರು ಬರೆದು ಕೇಳಿದಾಗ ‘ಆಗಬಹುದು’ ಎಂದು ಉತ್ತರಿಸಿದವಳೂ ಅವಳೇ. ಹೋದ ವಾರ ಅವರಿಂದ ಇನ್ನೊಂದು ಪತ್ರ: ‘ನಾಲ್ಕನೇ ವಿಷಯ, ಸದಸ್ಯತ್ವ. ವಾಲ್ಟರ್ ಜಾಗ ಖಾಲಿಯಾಗುತ್ತದೆಯಲ್ಲ, ನಿಯಮವನ್ನು ನೀನು ಎರಡು ಸಾಲಿನಲ್ಲಿ ಓದಿದರೆ ಸಾಕು. ಆತನಿಗೊಂದು ಕಾಗದವನ್ನೂ ಸಿದ್ಧ ಮಾಡು.’ ಮಾಡಿದ್ದಳು. ‘ತಾವು ಅನರ್ಹರಾಗಿದ್ದೀರಿ ಎಂದು ತಿಳಿಸಲು ವಿಷಾದಿಸುತ್ತೇನೆ’. ಅದು ಈಗ ಚೀಲದಲ್ಲಿ, ಡೈರಿಗೆ ತಾಗಿಕೊಂಡು ಇತ್ತು.

ಶಾಲೆಯ ಸಭಾಂಗಣದಲ್ಲಿ ಮಧ್ಯಾಹ್ನದ ಆಲೂಗಡ್ಡೆಯ ವಾಸನೆ ಇನ್ನೂ ಹೋಗಿರಲಿಲ್ಲ. ಆರನೇ ವರ್ಗಕ್ಕೆ ಪರೀಕ್ಷೆಯ ವಾರ. ಮಕ್ಕಳು ಕತ್ತೆತ್ತಿ ನೋಡಿ ಬರೆದುಬಿಟ್ಟಾರೆಂದು ಗೋಡೆಯ ಮೇಲಿನ ಮಗ್ಗಿ, ಕಾಗುಣಿತ, ನಕ್ಷೆ ಎಲ್ಲಕ್ಕೂ ಕಂದು ಕಾಗದ ಅಂಟಿಸಿದ್ದರು. ಕುರುಡಾದ ಗೋಡೆಗಳ ನಡುವೆ ಥಿಯಾ ಮೇಜುಗಳನ್ನು ಒಂದಕ್ಕೊಂದು ಸೇರಿಸಿದಳು, ಹೆಸರಿನ ಫಲಕಗಳನ್ನಿಟ್ಟಳು. ವಾಲ್ಟರ್‌ನದನ್ನು ಕೈಯಲ್ಲಿ ಹಿಡಿದು ನಿಂತಳು. ಇಡಬೇಕೋ ಬೇಡವೋ. ಇಟ್ಟರೆ ನಿಯಮಕ್ಕೆ ತಪ್ಪು, ಇಡದಿದ್ದರೆ ಇನ್ನೊಂದಕ್ಕೆ. ಆ ಇನ್ನೊಂದಕ್ಕೆ ಹೆಸರು ಹೊಳೆಯಲಿಲ್ಲ. ಹಿಂದಿನಿಂದ ಕೆಮ್ಮು ಕೇಳಿಸಿತು.

“ಬಂದ್ಯಾ ಮಗಳೇ? ನಾನೇ ಮೊದ್ಲು ಅಂದ್ಕೊಂಡಿದ್ದೆ.” ವಾಲ್ಟರ್. ಅದೇ ಟೈ. ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗಿತ್ತು. ಕೈಯಲ್ಲೊಂದು ತಗಡಿನ ಡಬ್ಬಿ. ಸುತ್ತ ನೋಡಿ ದನಿ ತಗ್ಗಿಸಿದ. “ಲೊರೇನ್ ಬಂದ್ಲು. ಹತ್ತು ದಿನ ಆಯ್ತು. ಇವತ್ತು ಬೆಳಿಗ್ಗೆ ಎದ್ದು ಐವಿಗೆ ಜಡೆ ಹಾಕಿದ್ಲು, ಗೊತ್ತಾ? ವಕ್ರವಕ್ರವಾಗಿ. ಐವಿ ಅದನ್ನ ಬಿಚ್ಚೋಕೇ ಬಿಡಲ್ಲ.” ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಒಣದ್ರಾಕ್ಷಿ ತುಂಬಿದ ದುಂಡು ಕೇಕುಗಳು. “ಅವಳೇ ಮಾಡಿದ್ದು. ಒಂದೆರಡು ಸೀದಿವೆ. ಸೀದಿದ್ದನ್ನ ಹಾರ್‌ಗ್ರೀವ್ಸ್ ಕಡೆ ತಿರುಗ್ಸಿಡು.”

ಥಿಯಾ ನಗಲು ನೋಡಿದಳು.

“ಚೀಟಿ ಸಿಕ್ಕಿದ್ವು ತಾನೆ, ಮೂರೂ?”

“ಸಿಕ್ಕಿದ್ವು.”

“ಏನಾದ್ರೂ ಅಂದ್ರಾ ಅವರು?”

“ಏನೂ ಅನ್ಲಿಲ್ಲ.”

“ಒಳ್ಳೇದಾಯ್ತು. ಯಾಕೆ ಏನು ಅಂತ ಕೆದಕ್ತಾರೇನೋ ಅಂದ್ಕೊಂಡಿದ್ದೆ. ಇಡೀ ಊರಲ್ಲಿ ನಿನಗೊಬ್ಬಳಿಗೇ ಹೇಳಿದ್ದು. ನೀನು ಬಾಯಿ ಬಿಡಲ್ಲ ಅಂತ ಗೊತ್ತಿತ್ತು ನಂಗೆ.” ಅವನು ಅವಳ ತೋಳು ತಟ್ಟಿದ. ಏನೂ ಅನ್ನಲಿಲ್ಲ ಎಂಬುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಿಜವಾದ ಪದಗಳನ್ನೇ ಒಂದರ ಪಕ್ಕ ಒಂದು ಜೋಡಿಸಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂಬುದು ಅವಳು ಈ ಕೆಲಸದಲ್ಲಿ ಕಲಿತ ವಿದ್ಯೆ. ಈಗ ಹೇಳಬೇಕು, ಯಾರೂ ಇಲ್ಲ, ಇವನೊಬ್ಬನೇ. ಇವನ ಮುಂದೆ ಅಂಜಿಕೆ ಯಾಕೆ? ಆದರೆ ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಹಾರ್‌ಗ್ರೀವ್ಸ್ ಅವರ ದೊಡ್ಡ ನಗು. ಅವಳು ಡಬ್ಬಿಯನ್ನು ಇಸಿದುಕೊಂಡು ಮೇಜಿನ ಮೇಲಿಟ್ಟು, ಸೀದದ್ದು ಯಾವುದೆಂದು ನೋಡುತ್ತ ನಿಂತಳು.

ಹಾರ್‌ಗ್ರೀವ್ಸ್ ಸ್ಪೇನಿನ ಬಿಸಿಲು ಹತ್ತಿದ ಮೂಗಿನೊಂದಿಗೆ ಬಂದರು. ಶ್ರೀಮತಿ ಡನ್ ಬಂದರು, ಪ್ರಶ್ನೆಪತ್ರಿಕೆಯ ಬೀರುವಿನ ಕೀಲಿಯನ್ನು ಕೊರಳಿಗೆ ಹಾಕಿಕೊಂಡು, ನಿದ್ದೆಯಿಲ್ಲದ ಕಣ್ಣು. ಶಿಕ್ಷಕರ ಪ್ರತಿನಿಧಿ ಮಿಸ್ ಕ್ಲೆಗ್, ನಗರಸಭೆಯ ಇಫ್ತಿಕಾರ್, ಉಳಿದವರು. ಚಹಾದ ಲೋಟಗಳು ಕೈ ಬದಲಾದವು. ವಾಲ್ಟರ್ ತನ್ನ ಹಳೆಯ ಜಾಗದಲ್ಲಿ, ಮಿಸ್ ಕ್ಲೆಗ್ ಪಕ್ಕದಲ್ಲಿ, ಕೂತು ಚೌಕ ಗೆರೆಯ ಪುಸ್ತಕ ತೆರೆದಿಟ್ಟುಕೊಂಡಿದ್ದ. ಅವನ ಮುಂದೆ ಹೆಸರಿನ ಫಲಕವಿರಲಿಲ್ಲ. ಅದು ಥಿಯಾಳ ತೊಡೆಯ ಮೇಲೆ ಬೋರಲಾಗಿ ಬಿದ್ದಿತ್ತು.

“ವಾಲ್ಟರ್,” ಎಂದರು ಹಾರ್‌ಗ್ರೀವ್ಸ್, ಕೆಟ್ಟವರ ದನಿಯಲ್ಲಲ್ಲ, ಬ್ಯಾಂಕಿನ ಕೌಂಟರಿನ ಆಚೆಯಿಂದ ನಲವತ್ತು ವರ್ಷ ಆಡಿದ ದನಿಯಲ್ಲಿ. “ನಿಮ್ಮನ್ನ ನೋಡಿ ಸಂತೋಷ ಆಯ್ತು. ಆದ್ರೆ ಒಂದು ಸಣ್ಣ ತೊಡಕಿದೆ. ಆಮೇಲೆ ಬರುತ್ತೆ ಆ ವಿಷಯ, ಆದ್ರೂ ಈಗಲೇ ಹೇಳಿಬಿಡೋದು ವಾಸಿ. ಆರು ತಿಂಗಳು ಅನುಮತಿ ಇಲ್ದೆ ಬರದೇ ಇದ್ರೆ ಸದಸ್ಯತ್ವ ಹೋಗುತ್ತೆ. ನಾನು ತೆಗೆಯೋದಲ್ಲ, ಅದೇ ಹೋಗುತ್ತೆ. ನಿನ್ನೆಗೆ ಆರು ತಿಂಗಳಾಯ್ತು.”

“ನಿನ್ನೆಗೆ,” ಎಂದ ವಾಲ್ಟರ್.

“ಒಂದೇ ದಿನದಲ್ಲಿ ಹೋಯ್ತಲ್ಲ ಪಾಪ!” ಎಂದ ಇಫ್ತಿಕಾರ್. “ಇದೇನ್ ಸಾರ್, ಹಾಲಿನ ಪ್ಯಾಕೆಟ್ ಥರ, ತಾರೀಕು ಮುಗೀತು ಅಂತ ಬಿಸಾಡೋದಾ?”

“ನಿಯಮ ನಾನು ಮಾಡಿಲ್ಲ ಇಫ್ತಿಕಾರ್. ಮೂರು ಸಭೆ, ಇವರಿಂದ ಒಂದು ಫೋನಿಲ್ಲ, ಒಂದು ಸಾಲಿಲ್ಲ. ಒಂದು ಸಾಲು ಬರೆದು ಹಾಕಿದ್ರೆ ನಾವೇನು ಬೇಡ ಅಂತಿದ್ವಾ?”

ವಾಲ್ಟರ್‌ನ ಬಾಯಿ ತೆರೆಯಿತು. ಹೇಳುತ್ತಾನೆ, ಎಂದುಕೊಂಡಳು ಥಿಯಾ, ಮತ್ತು ಅವಳ ಮೈಯೆಲ್ಲ ಒಮ್ಮೆ ಹಗುರಾಯಿತು. ಇವನೇ ಹೇಳಿಬಿಟ್ಟರೆ ತಾನು ಹೇಳಬೇಕಾದ್ದಿಲ್ಲ, ತಲೆ ತಗ್ಗಿಸಿದರೆ ಸಾಕು. ಹೊಡೆತ ಬೀಳುವ ಮುಂಚಿನ ನೆಮ್ಮದಿ. ಅವನು ಅವಳ ಕಡೆ ತಿರುಗಿದ. ಅವಳ ಕೆಂಪೇರಿದ ಕುತ್ತಿಗೆಯನ್ನು, ತೊಡೆಯ ಮೇಲೆ ಏನನ್ನೋ ಒತ್ತಿ ಹಿಡಿದ ಕೈಗಳನ್ನು ನೋಡಿದ. ಬಹಳ ಹೊತ್ತಲ್ಲ, ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಳ್ಳುವಷ್ಟು ಹೊತ್ತು. ಎಲ್ಲವೂ ತಿಳಿಯಿತು ಅವನಿಗೆ. ತಿಳಿದದ್ದು ಅವಳಿಗೂ ಕಾಣಿಸಿತು. ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

“ಹೌದು. ಬರೆಯಬೇಕಿತ್ತು. ಮರೆತುಬಿಟ್ಟೆ. ವಯಸ್ಸಾಯ್ತು ನೋಡಿ.”

ಪುಸ್ತಕ ಮುಚ್ಚಿ ಜೇಬಿಗಿಟ್ಟುಕೊಂಡ. ಮನೆಗೆ ಹೋಗಬೇಕಾಗಿಲ್ಲ, ಬೇಕಿದ್ದರೆ ಕೂತು ಕೇಳಬಹುದು, ಮತ ಮಾತ್ರ ಇರುವುದಿಲ್ಲ ಎಂದರು ಹಾರ್‌ಗ್ರೀವ್ಸ್, ದೊಡ್ಡ ಮನಸ್ಸು ಮಾಡಿ. ಸದಸ್ಯರ ಮೇಜು ಬಿಟ್ಟರೆ ಬೇರೆಲ್ಲೂ ಕುರ್ಚಿಯಿರಲಿಲ್ಲ. ಗೋಡೆಯ ಪಕ್ಕ ಚಿಕ್ಕ ಮಕ್ಕಳು ಬೂಟು ಕಳಚಲು ಕೂರುವ ಗೇಣೆತ್ತರದ ಬೆಂಚಿತ್ತು. ಅವನು ಅಲ್ಲಿಗೆ ಹೋಗಿ ಕೂತ. ಮೊಣಕಾಲು ಎದೆಯವರೆಗೆ ಬಂತು. ಅವನ ತಲೆಯ ಮೇಲೆ ಮಕ್ಕಳ ಹೆಸರು ಬರೆದ ಕೊಕ್ಕೆಗಳ ಸಾಲು, ಯಾರೋ ಬಿಟ್ಟುಹೋದ ಹಳದಿ ಮಳೆಕೋಟು. ಮಿಸ್ ಕ್ಲೆಗ್ ಎದ್ದು ಅವನಿಗೊಂದು ಲೋಟ ಚಹಾ ಕೊಟ್ಟು ಬಂದಳು. ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕೂತವನನ್ನು ನೋಡಲಾಗದೆ ಥಿಯಾ ಕೇಕಿನ ಡಬ್ಬಿ ನೋಡಿದಳು. ಯಾರೂ ಅದನ್ನು ಮುಟ್ಟಿರಲಿಲ್ಲ.

ಇನ್ನು ಬರೆಯುವುದಷ್ಟೆ. ಸಭೆ ಆರಂಭ, ಐದು ಗಂಟೆ. ಹಾಜರಿದ್ದವರು ಇಷ್ಟು ಮಂದಿ. ಪೆನ್ನು ನಡೆಯುತ್ತಿತ್ತು, ಅವಳು ಅದರ ಹಿಂದೆ ಹೋಗುತ್ತಿದ್ದಳು. ಇವತ್ತು ರಾತ್ರಿ ಡೈರಿಯಲ್ಲಿ ಎಷ್ಟೊಂದು ಬರೆಯಬಹುದು, ಎಷ್ಟು ಚೆನ್ನಾಗಿ ಬರೆಯಬಹುದು ಎಂಬ ಯೋಚನೆ ಬಂದು, ಆ ‘ಚೆನ್ನಾಗಿ’ ಎಂಬುದು ನಾಲಗೆಯ ಮೇಲೆ ಕಹಿಯಾಗಿ ನಿಂತಿತು. ಮೂರು ಚೀಟಿಗಳ ಪಕ್ಕ ಎಷ್ಟು ಪುಟ ಬರೆದಿದ್ದಳು! ತನ್ನ ಹಿಂಜರಿಕೆಯನ್ನು ಎಷ್ಟು ಸೂಕ್ಷ್ಮವಾಗಿ, ಎಷ್ಟು ಮರುಕದಿಂದ ಬಿಡಿಸಿಟ್ಟಿದ್ದಳು, ಯಾವುದೋ ಅಪರೂಪದ ಹಕ್ಕಿಯನ್ನು ಸಾಕಿದ ಹಾಗೆ. ಗುಟ್ಟಿಗಾಗಿ ಸುಮ್ಮನಿದ್ದೆ ಎಂಬುದನ್ನು ಆ ಹಕ್ಕಿಗೆ ಮೇವಾಗಿ ಹಾಕಿದ್ದಳು. ಅನುಮತಿ ಬೇಕಂತೆ, ಕಾರಣ ಅವರ ಸ್ವಂತದ್ದು ಎಂದಿದ್ದರೆ ಮುಗಿಯುತ್ತಿತ್ತು. ಇಫ್ತಿಕಾರ್ ‘ಆಗ್ಲಿ ಬಿಡಿ’ ಎನ್ನುತ್ತಿದ್ದ, ಡನ್ ತಲೆಯಾಡಿಸುತ್ತಿದ್ದರು. ಇಲ್ಲಿ ಕೂತವರಲ್ಲಿ ಯಾರೂ ಕೆಟ್ಟವರಲ್ಲ. ಆ ಮಾತು ಅವಳಿಗೆ ಎಲ್ಲಕ್ಕಿಂತ ಭಾರವಾಗಿತ್ತು. ಹೆದರಲು ಯಾರೂ ಇಲ್ಲದ ಕಡೆ ಹೆದರಿದ್ದಳು, ಆ ಹೆದರಿಕೆಯ ಸಾಲವನ್ನು ಗೇಣೆತ್ತರದ ಬೆಂಚಿನ ಮೇಲೆ ಕೂತ ಒಬ್ಬ ಮುದುಕ ತೀರಿಸುತ್ತಿದ್ದ.

“ಇವತ್ತಿನ ವಿಷಯಗಳಲ್ಲಿ ಸ್ವಂತ ಹಿತಾಸಕ್ತಿ ಇರೋರು ಯಾರಾದ್ರೂ ಇದೀರಾ? ಇಲ್ಲ. ಮೂರನೇದು,” ಎಂದರು ಹಾರ್‌ಗ್ರೀವ್ಸ್. “ಮಾರ್ಚ್ ಹದಿನೆಂಟರ ನಡಾವಳಿ. ಎಲ್ಲರೂ ಓದಿದೀರಿ ಅಂದ್ಕೊಳ್ತೀನಿ. ನಿಜವಾದ ದಾಖಲೆ ಅಂತ ಒಪ್ಪೋಣ್ವಾ?”

ಪ್ರತಿ ಸಭೆಯಲ್ಲೂ ಕೇಳುವ ಪ್ರಶ್ನೆ. ಉತ್ತರ ಯಾರೂ ಯೋಚಿಸಿ ಕೊಡುವುದಿಲ್ಲ, ಚಹಾ ಹೀರುವ ನಡುವೆ ಕೊಡುತ್ತಾರೆ. ಜನವರಿಯಲ್ಲಿ ನವೆಂಬರಿನದಕ್ಕೆ ಕೊಟ್ಟಿದ್ದರು, ಮಾರ್ಚಿನಲ್ಲಿ ಜನವರಿಯದಕ್ಕೆ ಕೊಟ್ಟಿದ್ದರು. “ಒಪ್ಪಿಗೆ,” ಎಂದ ಇಫ್ತಿಕಾರ್. “ಒಪ್ಪಿಗೆ,” ಎಂದಳು ಮಿಸ್ ಕ್ಲೆಗ್, ಬೆಂಚಿನ ಕಡೆ ನೋಡುತ್ತ. ಹಾರ್‌ಗ್ರೀವ್ಸ್ ಪೆನ್ನಿನ ಮುಚ್ಚಳ ತೆಗೆದು, ಕಾಗದವನ್ನು ಸಹಿಗೆ ತಿರುಗಿಸಿಕೊಂಡರು. ಮೇಲಿನಿಂದ ನಾಲ್ಕನೇ ಸಾಲು, ‘ಗೈರುಹಾಜರು: ವಾಲ್ಟರ್ ಸಗ್ಡನ್’, ತಲೆಕೆಳಗಾಗಿ ಥಿಯಾಳಿಗೆ ಕಾಣುತ್ತಿತ್ತು. ಅಂದವಾಗಿ ಟೈಪಾಗಿತ್ತು, ಕಾಗುಣಿತ ತಪ್ಪಿರಲಿಲ್ಲ. ಮನೆ ಹಿಂದೆ ಸರಿಯಿತು, ಚರ್ಚು ಸರಿಯಿತು.

“ಇಲ್ಲ,” ಎಂಬ ದನಿ ಕೇಳಿಸಿತು. ಯಾರದೆಂದು ಎಲ್ಲರ ಜೊತೆ ಅವಳೂ ಒಂದು ಕ್ಷಣ ಹುಡುಕಿದಳು.

“ಏನಮ್ಮ?” ಎಂದರು ಹಾರ್‌ಗ್ರೀವ್ಸ್, ಪೆನ್ನು ಎತ್ತಿ ಹಿಡಿದು. “ತಾರೀಕು ಗೀರೀಕು ತಪ್ಪಾಗಿದ್ಯಾ?”

ಎಲ್ಲ ಮುಖಗಳೂ ತಿರುಗಿದ್ದವು. ಕುತ್ತಿಗೆಯಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಗೆ ಬಿಸಿ ಏರುವುದು ಅವಳಿಗೆ ತಿಳಿಯುತ್ತಿತ್ತು. ಏರಲಿ ಎಂದುಕೊಂಡಳು, ಅಷ್ಟೇ ಶಕ್ತಿಯಿತ್ತು. ಗೋಡೆಯ ಹತ್ತಿರ ವಾಲ್ಟರ್ ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದ. ಅವಳು ಚೀಲದಿಂದ ಡೈರಿ ತೆಗೆದಳು. ತೆರೆಯುವಾಗ ನೀಲಿ ಗೆರೆಯ ಕಾಗದವೊಂದು ಜಾರಿ ಕೇಕಿನ ಡಬ್ಬಿಯ ಪಕ್ಕ ಬಿತ್ತು. ಇನ್ನೆರಡನ್ನು ತಾನೇ ತೆಗೆದು, ಬರಹ ಕೆಳಗಾಗುವಂತೆ ಮಡಚಿ, ಅದರ ಮೇಲಿಟ್ಟಳು. ತೊಡೆಯ ಮೇಲಿದ್ದ ಹೆಸರಿನ ಫಲಕವನ್ನೂ ಮೇಜಿನ ಮೇಲೆ ನಿಲ್ಲಿಸಿದಳು.

“ಇದು ನಿಜವಾದ ದಾಖಲೆ ಅಲ್ಲ. ಮಿಸ್ಟರ್ ಸಗ್ಡನ್ ಮೂರು ಸಲವೂ ಅನುಮತಿ ಕೇಳಿ ನನಗೆ ಬರೆದಿದ್ರು. ಅವರು ಏನೂ ಮರೆತಿಲ್ಲ. ನಾನೇ ನಿಮಗೆ ಹೇಳಲಿಲ್ಲ. ನಿಮ್ಮೆಲ್ಲರ ಮುಂದೆ ಬಾಯಿ ತೆರೆಯೋಕೆ ನನಗೆ ಹೆದರಿಕೆ ಆಯ್ತು, ಅಷ್ಟೇ ಕಾರಣ.”